ಹೆಂಚು ಮುಚ್ಚಿದ ಮಡಕೆ

ಕಾಲು ತೆಗೀರಿ ಮೇಸ್ತ್ರಿ, ಏನು ಮುಚ್ಚಿಡ್ತಿದೀರಿ ಅಲ್ಲಿ, ಅಂತ ದಡದ ಮೇಲಿಂದ ಕೂಗುತ್ತಿದ್ದಾಳೆ, ಮುಚ್ಚಿಡೋಕೆ ನಿಮ್ಮಪ್ಪನ ಮನೆ ಗಂಟೇನ್ರೀ ಅಂದೆ, ಅನ್ನಬಾರದಿತ್ತು, ನನ್ನ ಬಾಯಿಯೇ ಹಾಗೆ — ಸೊಂಟದುದ್ದದ ಟ್ರೆಂಚು, ಬಲಗಾಲ ಕೆಳಗೆ ಒಡೆದ ನಾಡಹೆಂಚು, ಹೆಂಚಿನ ಕೆಳಗೆ ಮಡಕೆ, ನೋಡದೆಯೂ ಗೊತ್ತು, ಇಟ್ಟವನು ನಾನೇ. ಈ ಯಶಸ್ವಿನಿ ಅನ್ನೋ ಹುಡುಗಿಯನ್ನು ಪುರಾತತ್ವದವರು ಹಾಸನದಿಂದ ಕಳಿಸಿದ್ದಾರೆ, ಹೊಳೆನರಸೀಪುರದ ಕೋಟೆಯೊಳಗೆ ನೀರಿನ ಪೈಪಿಗೆ ಎಲ್ಲಿ ಅಗೆದರೂ ಇವಳು ನಿಂತು ನೋಡಬೇಕು, ಮೊನ್ನೆ ರಸ್ತೆಯ ಆ ಬದಿಯಲ್ಲಿ ಹಳೇ ಗೋಡೆಯ ಬುನಾದಿ ಸಿಕ್ಕಿತು ಅಂತ ಲೈನನ್ನೇ ಈಚೆಗೆ ಸರಿಸಿದಳು, ಸರಿಸಿಕೊಳ್ಳಿ, ಬೇಗ ಮುಗಿದರೆ ಸಾಕು ಅಂದೆ, ಇಲ್ಲಿ ನಾವು ಬಾಡಿಗೆಗಿದ್ದ ಮನೆ ಇತ್ತು ಅಂತ ಗೊತ್ತಿತ್ತು, ಆದರೆ ಮನೆ ಕೆಡವಿ, ಹಿತ್ತಲ ನುಗ್ಗೆಮರ ಕಡಿದು, ರಸ್ತೆ ಅಗಲ ಮಾಡಿದ ಮೇಲೆ ಗುರುತು ಎಲ್ಲಿ ಉಳಿದಿದೆ, ಆ ಜಾಗ ಇನ್ನೂ ಒಳಕ್ಕಿದೆ ಅಂದುಕೊಂಡಿದ್ದೆ, ದಿನಾ ನೆಲ ಅಳೆಯುವವನು ಒಂದು ಮಾರು ತಪ್ಪಿದೆ. ನಿಧಿ ಕಣವ್ವ, ಅಂತ ಗುದ್ದಲಿ ಊರಿಕೊಂಡು ದ್ಯಾವಯ್ಯ ನಗುತ್ತಾನೆ, ಒಬ್ನೇ ವಡ್ಕಂಡೋಗ್ಬ್ಯಾಡ ಕಣ್ಲಾ ಪುಟ್ಟರಾಜ, ನಂಗೂ ಒಂದ್ ಪಾಲಿಕ್ಕು, ಮುಚ್ಕಂಡ್ ಮಣ್ಣೆತ್ತಣ್ಣ ಅಂದೆ. ಪೊಲೀಸಿಗೆ ಫೋನ್ ಮಾಡ್ತೀನಿ ಮೇಸ್ತ್ರಿ ಅಂದಳು ಹುಡುಗಿ, ಎರಡು ಹೆಜ್ಜೆ ಹಿಂದೆ ಸರಿದಳು, ನನ್ನನ್ನು ಕಂಡು ಹೆದರಿದ್ದಾಳೆ, ಕಾಲು ತೆಗೆದೆ.

ಹೆಂಚು ಎತ್ತಿದಳು, ಪಕ್ಕ ಒಡೆದ ಮಡಕೆಯೊಳಗಿನ ಮಣ್ಣನ್ನು ಸಣ್ಣ ಬ್ರಷ್ಷಿನಿಂದ ಗುಡಿಸುತ್ತಾಳೆ, ಕಡ್ಡಿಯಂಥವು ಮೂರು ನಾಲ್ಕು, ಅವುಗಳ ನಡುವೆ ಕರಿಬಳೆ, ನನ್ನ ಎರಡು ಬೆರಳೂ ಹಿಡಿಯದಷ್ಟು, ಅಯ್ಯೋ ಮಗು ಅಂದಳು, ನೂರಿನ್ನೂರು ವರ್ಷದ್ದಿರಬಹುದು, ಆಗೆಲ್ಲ ಹಿಂಗೇ ಮಡಕೆಯಲ್ಲಿಟ್ಟು ಹಿತ್ತಲಲ್ಲಿ ಹೂಳ್ತಿದ್ರು ಅಂತ ಪಾಠ ಹೇಳುತ್ತಾ ಚೀಟಿಯ ಮೇಲೆ ನಂಬರು ಬರೆಯುತ್ತಾಳೆ, ಹದಿನಾಲ್ಕು. ಒಂಬತ್ತು ದಿನ ಬದುಕಿತ್ತು, ಹೆಸರಿಟ್ಟಿರಲಿಲ್ಲ, ಬಳೆ ದೊಡ್ಡದಾಯ್ತು ಅಂದಿದ್ದಳು ನನ್ನ ಹೆಂಡತಿ ಅನಸೂಯ, ಬೆಳೀತಾಳೆ ಬುಡು ಅಂದಿದ್ದೆ, ಆಮೇಲೆ ಅವ್ವ ನನ್ನನ್ನು ಆಚೆಗೆ ಕರೆದು, ಊತ ಜಾಗ ಎತ್ತೋಳ್ಗೆ ತೋರಿಸ್ಬ್ಯಾಡ ಕಣ್ಲಾ, ಅಲ್ಲೇ ಕುಂತ್ಕತಾಳೆ, ವೊಳೇಗೆ ಬುಟ್ಟೆ ಅನ್ನು ಅಂದಳು, ಅಂದೆ, ಆವತ್ತಿನಿಂದ ವರ್ಷಕ್ಕೊಂದು ಸಲ ಅನಸೂಯ ಹೇಮಾವತಿಯ ಮೆಟ್ಟಿಲಿಳಿದು ಒಂದು ಲೋಟ ಹಾಲು ನೀರಿಗೆ ಬಿಡುತ್ತಾಳೆ, ನಾನು ಪಕ್ಕದಲ್ಲಿ ನಿಂತು ಕೈಮುಗಿಯುತ್ತೇನೆ, ಇಪ್ಪತ್ತೆರಡು ಸಲ ಮುಗಿದಿದ್ದೇನೆ, ಆ ಮನೆಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆವಲ್ಲ, ಪಾತ್ರೆ ತೊಳೆದ ನೀರನ್ನು ದಿನಾ ನುಗ್ಗೆಮರದ ಬುಡಕ್ಕೇ ಚೆಲ್ಲುತ್ತಿದ್ದಳು, ನಾನು ನೋಡುತ್ತಿದ್ದೆ, ಆ ಮರದ ಕಾಯಿ ಹಾಕಿ ಸಾರು ಮಾಡಿದರೆ ನಾನು ಮುಟ್ಟುತ್ತಿರಲಿಲ್ಲ, ನನಗೆ ನುಗ್ಗೆ ಸೇರುವುದಿಲ್ಲ ಅಂದುಕೊಂಡಳು — ಹುಡುಗಿ ಚೀಟಿಯನ್ನು ಮಡಕೆಗೆ ಒರಗಿಸಿ ಫೋಟೋಗೆ ಬಗ್ಗಿದಳು, ಕಿತ್ತಾಕ್ರೀ ಅದನ್ನ, ಹಳೇದಲ್ಲ ಅದು, ನನ್ ಮಗಳು ಕಣ್ರೀ ಅಂತ ಕಿರುಚಿದೆ.

ಯಾವ್ ಮಗಳು. ಹಿಂದಿನಿಂದ ಬಂದ ಮಾತು, ಅನಸೂಯನದು, ಊಟದ ಹೊತ್ತು, ದಿನಾ ಇದೇ ಹೊತ್ತಿಗೆ ಬುತ್ತಿ ತರುವವಳು, ಹೇಗೆ ಮರೆತೆ. ಬುತ್ತಿ ಮಣ್ಣಿನ ಗುಡ್ಡೆಯ ಮೇಲಿಟ್ಟು ತಾನೇ ಟ್ರೆಂಚಿಗೆ ಇಳಿದಳು, ಮಡಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು, ದ್ಯಾವಯ್ಯನ ನಗು ಎಲ್ಲಿ ಹೋಯಿತೋ. ವೊಳೇಗೆ ಬುಟ್ಟೆ ಅಂದಿದ್ದೆ ನೀನು, ಅಂದಳು, ಅವ್ವ ಹೇಳಿದ್ಲು ಕಣೆ ಅಂದೆ, ಸತ್ತು ಹತ್ತು ವರ್ಷವಾದ ಅವ್ವನ ಮೇಲೆ ಹಾಕಿದೆ. ನಾನ್ ಹಾಲ್ ಬುಡ್ವಾಗ ಪಕ್ದಲ್ಲೇ ನಿಂತಿದ್ಯಲ್ಲ, ಅಂದಳು, ಜೋರಾಗಿ ಅಲ್ಲ, ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನಗೆ ಅದು ಗೊತ್ತು. ಎರಡು ಬೆರಳಲ್ಲಿ ಬಳೆ ಎತ್ತಿಕೊಂಡಳು, ಅಮ್ಮಾ ಅದನ್ನ ಮುಟ್ಟ — ಅಂದ ಹುಡುಗಿ ಅಲ್ಲಿಗೇ ನಿಲ್ಲಿಸಿದಳು, ಚೀಟಿಯನ್ನು ಮುದುರಿಕೊಂಡಳು. ಅನಸೂಯ ಸೆರಗಿನ ತುದಿಗೆ ಬಳೆ ಗಂಟು ಹಾಕಿ, ನಾನು ಚಾಚಿದ ಕೈ ಹಿಡಿಯದೆ, ಆಚೆಯ ದಡ ಹತ್ತಿ ಹೋದಳು, ಮನೆಯ ಕಡೆಗಲ್ಲ, ಬಸ್ ಸ್ಟ್ಯಾಂಡಿನ ಕಡೆಗೆ, ಚನ್ರಾಯಪಟ್ಣದ ಬಸ್ ಅತ್ತುದ್ಲು ಕಣ್ಲಾ ಅಂತ ದ್ಯಾವಯ್ಯ ಬಂದು ಹೇಳಿದ, ಬಾಗೂರಿನ ತವರಿಗೆ ಇರಬೇಕು, ಅವಳ ಫೋನು ಮೊದಲು ರಿಂಗಾಯಿತು, ಆಮೇಲೆ ಅದೂ ಇಲ್ಲ, ಎಲ್ಲರೂ ಮೇಲೆ ಹತ್ತಿದ್ದಾರೆ, ಮುಚ್ಚಿ ಅಂತಲೂ ಅಗೆಯಿರಿ ಅಂತಲೂ ಯಾರೂ ಹೇಳುತ್ತಿಲ್ಲ, ಮಡಕೆಯ ಮಣ್ಣಿನಲ್ಲಿ ಬಳೆ ಇದ್ದ ಕಡೆ ಅದರ ಅಚ್ಚು, ದುಂಡಗೆ, ಕಣ್ಣು ಮುಚ್ಚಿದರೂ ದುಂಡಗೆ, ಸವರಿಬಿಡೋಣ ಅಂತ ಬೆರಳು ಇಟ್ಟೆ, ಬೆರಳು ಆ ಗೆರೆಯ ಮೇಲೆ ಒಂದು ಸುತ್ತು ಬಂತು, ಇನ್ನೊಂದು ಸುತ್ತು, ದುಂಡಗೆ —