ಮಿಜುವಿಗೆ ಬರೆದ ಬಟ್ಟೆ

ಬಣ್ಣ ಇನ್ನೂ ಒಣಗಿರಲಿಲ್ಲ. ಚಿಗುಸಾ ಮೊಣಕಾಲೂರಿ ಕೂತು ಕೊನೆಯ ಅಕ್ಷರದ ಮೇಲೆ ಬೆರಳ ತುದಿ ಇಟ್ಟಳು, ಬೆರಳು ಹಳದಿಯಾಯಿತು. ಕಾರಾಹಾಮ ಊರಿನಲ್ಲಿ ನವೆಂಬರ್ ಕೊನೆಗೆ ಒಗೆದ ಕಾಲುಚೀಲವೇ ಒಣಗುವುದಿಲ್ಲ, ಇನ್ನು ಇಷ್ಟಗಲದ ಬಟ್ಟೆಯ ಮೇಲೆ ದಪ್ಪಗೆ ಬಳಿದ ಬಣ್ಣ ಒಣಗೀತೇ? ಕಡಲಿನ ತೇವ ಆ ಮುಚ್ಚಿದ ಶಾಲೆಯ ಆಟದ ಕೋಣೆಯ ಹಲಗೆ ಹಲಗೆಗೂ ಇಳಿದಿತ್ತು. ಅವಳು ಸೀಮೆಎಣ್ಣೆ ಹೀಟರನ್ನು ಹತ್ತಿರಕ್ಕೆ ಎಳೆದಳು. ಬಟ್ಟೆಗೆ ಬೆಂಕಿ ತಗುಲೀತೆಂದು ಹೆದರಿ ಮತ್ತೆ ದೂರ ತಳ್ಳಿದಳು.

ಬಟ್ಟೆಯ ಮೇಲೆ ದೊಡ್ಡದಾಗಿ 'ಮಿಜು' ಎಂದಿತ್ತು. ಅದರ ಕೆಳಗೆ, 'ಇಷ್ಟು ವರ್ಷ ನಮ್ಮವನಾಗಿದ್ದೆ. ಹೋಗಿ ಬಾ.'

ಮಿಜು ಎಂದರೆ ಮಿಜುಕೊಶಿ. ಊರಿನ ಫುಟ್‌ಬಾಲ್ ತಂಡವಾದ ಉಮಿನೆಕೊದ ಎಂಟನೇ ನಂಬರಿನ ಆಟಗಾರ. ಹೈಸ್ಕೂಲು ಮುಗಿಸಿ ಬಂದವನು ಇಲ್ಲೇ ಮದುವೆಯಾಗಿ, ಇಲ್ಲೇ ಮಗಳನ್ನು ಪಡೆದು, ಮೀನುಮಾರುಕಟ್ಟೆಯವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುವಷ್ಟು ಊರಿನವನಾಗಿದ್ದ. ಅವನು ಹೋಗುತ್ತಾನೆಂದು ಯಾರೂ ಹೇಳಿರಲಿಲ್ಲ. ಚಿಗುಸಾ ತಾನೇ ಊಹಿಸಿದ್ದಳು. ಅವಳು ಹೊಲಿಗೆ ಕೆಲಸ ಮಾಡುವ ಪರದೆ ಅಂಗಡಿಗೆ ಮಿಜುವಿನ ಹೆಂಡತಿ ಬಂದು, ವಸಂತದಲ್ಲಿ ಶಾಲೆ ಸೇರುವ ಮಗಳ ಕೋಣೆಗೆಂದು ಹೊಲಿಯಲು ಹೇಳಿದ್ದ ಪರದೆ ಈಗ ಬೇಡವೆಂದು, ತಲೆ ಬಗ್ಗಿಸಿ ಕ್ಷಮೆ ಕೇಳಿ ಹೋಗಿದ್ದಳು. ಅಷ್ಟೇ. ಗಿರಾಕಿಯ ಮನೆಯ ವಿಷಯವನ್ನು ಹೊರಗೆ ಆಡಬಾರದು. ಚಿಗುಸಾ ಆಡಲೂ ಇಲ್ಲ. ಆದರೆ ತಂಡದ ಅಭಿಮಾನಿಗಳ ಬ್ಯಾನರುಗಳನ್ನು ಹೊಲಿದು ಬರೆಯುವವಳೂ ಅವಳೇ. ಬಿಟ್ಟು ಹೋಗುವ ಆಟಗಾರನಿಗೆ ವರ್ಷದ ಕೊನೆಯ ಪಂದ್ಯದ ದಿನ ಒಂದು ಬಟ್ಟೆ ಹಿಡಿಯುವುದು ಅಲ್ಲಿನ ಪದ್ಧತಿ. ಕ್ಲಬ್ಬು ಸುದ್ದಿ ಹೇಳುವುದು ಮಾತ್ರ ಆ ಪಂದ್ಯದ ಆಸುಪಾಸಿಗೆ. ಆಮೇಲೆ ಬರೆಯಲು ಕೂತರೆ ಆಟಗಾರ ರೈಲು ಹತ್ತಿ ಹೋದ ಮೇಲೆ ಬಣ್ಣ ಒಣಗುತ್ತದೆ. ಹಾಗಾಗಿ ಅವಳು ಗುಟ್ಟಾಗಿ, ಮುಂಚೆಯೇ ಬರೆದಳು. ಹೀಟರ್ ಆರಿಸಿ, ಬಟ್ಟೆಯನ್ನು ಹಾಸಿದ ಹಾಗೇ ಬಿಟ್ಟು, ಬಾಗಿಲೆಳೆದುಕೊಂಡು ಅಂಗಡಿಗೆ ಹೋದಳು.

ಆ ದಿನ ಗುರುವಾರ. ಪ್ರತಿ ಗುರುವಾರ ಅದೇ ಕೋಣೆಯಲ್ಲಿ ಬಡಾವಣೆಯ ಹೆಂಗಸರು ವಾಲಿಬಾಲ್ ಆಡುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಮರೆತಿದ್ದಳು. ಹೆಂಗಸರು ಒಳ್ಳೆಯವರು; ಬಟ್ಟೆಯನ್ನು ತುಳಿಯಲಿಲ್ಲ, ನಾಲ್ಕು ಮೂಲೆ ಹಿಡಿದು ಜೋಪಾನವಾಗಿ ಬದಿಗೆ ಸರಿಸಿದರು, ಎಷ್ಟು ಚೆನ್ನಾಗಿ ಬರೆದಿದ್ದಾರೆ ಎಂದು ಮೆಚ್ಚಿಕೊಂಡರು. ಒಬ್ಬಾಕೆ ಫೋಟೊ ತೆಗೆದಳು. ಚಿಗುಸಾ ಅಂಗಡಿಯ ಷಟರ್ ಎಳೆಯುವ ಹೊತ್ತಿಗೆ ಆ ಫೋಟೊ ಊರಿನ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು.

ಮೊದಲು ಫೋನ್ ಮಾಡಿದವನು ಕುರಾತಾ. ಬಂದರಿನ ಐಸ್ ಕಾರ್ಖಾನೆಯಲ್ಲಿ ಕೆಲಸ; ಪಂದ್ಯದ ದಿನ ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಮೆಗಾಫೋನ್ ಹಿಡಿದು ಹಾಡು ಎತ್ತಿಕೊಡುವವನು. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಹಾಡಿದೆ. ಕುರಾತಾ ಎತ್ತಿಕೊಟ್ಟರೆ ಗ್ಯಾಲರಿ ಹಾಡುತ್ತದೆ, ಅವನು ಬಾಯಿ ಮುಚ್ಚಿದರೆ ಡೋಲೂ ಸುಮ್ಮನಾಗುತ್ತದೆ.

"ನಿಮ್ಮ ಅಕ್ಷರ ನಂಗೆ ಗೊತ್ತಾಗಲ್ವಾ, ಚಿಗುಸಾ ಸಾನ್? ಅವ್ನೇ ನಿಮ್ಗೆ ಹೇಳಿದ್ನಾ?"

"ಇಲ್ಲ."

"ಮತ್ತೆ?"

ಪರದೆಯ ವಿಷಯ ಹೇಳುವಂತಿರಲಿಲ್ಲ. "ನಂಗೆ ಹಾಗನ್ನಿಸ್ತು," ಎಂದಳು.

ಕುರಾತಾ ಐಸ್ ಒಡೆಯುವ ಯಂತ್ರದ ಸದ್ದಿನ ಮೇಲೆ ದನಿ ಏರಿಸಿದ. "ಅನ್ನಿಸ್ತಂತೆ. ಕಾಂಟ್ರಾಕ್ಟ್ ಮುಗಿಯೋ ತನಕ ತೆಪ್ಪಗಿದ್ದು ಈಗ ಕೈ ಬೀಸ್ಕೊಂಡು ಹೊರಟ. ಕ್ಲಬ್ಬಿಗೆ ಸೊನ್ನೆ ಯೆನ್. ಇಸ್ಕೊಂಡ ಛತ್ರಿ ವಾಪಸ್ ಕೊಡೋನೂ ಒಂದು ಮಾತು ಹೇಳಿ ಹೋಗ್ತಾನೆ."

ಕೋಪಕ್ಕೆ ಕಾರಣವಿತ್ತು. ಹಿಂದಿನ ಚಳಿಗಾಲದಲ್ಲಿ ಕ್ಲಬ್ಬಿನ ಕೈಯಲ್ಲಿ ಕಾಸಿಲ್ಲದೆ, ಅಭಿಮಾನಿಗಳೆಲ್ಲ ರೈಲುನಿಲ್ದಾಣದ ಮುಂದೆ ಡಬ್ಬಿ ಹಿಡಿದು ನಿಂತಿದ್ದರು. ಆ ಸಾಲಿನಲ್ಲಿ ಮಿಜುವೂ ನಿಂತಿದ್ದ. ಕಾಂಟ್ರಾಕ್ಟ್ ಇನ್ನೂ ಇರುವಾಗಲೇ ಹೋಗಿದ್ದರೆ ಅವನನ್ನು ಕೊಳ್ಳುವ ತಂಡ ಕ್ಲಬ್ಬಿಗೆ ಹಣ ಕೊಡಬೇಕಿತ್ತು. ಅವಧಿ ಮುಗಿದ ಮೇಲೆ ಹೋದರೆ ಏನೂ ಇಲ್ಲ. ರಾತ್ರಿಯಾಗುವಷ್ಟರಲ್ಲಿ 'ಸೊನ್ನೆ ಯೆನ್' ಎನ್ನುವುದೇ ಅವನ ಹೆಸರಾಗಿಬಿಟ್ಟಿತು. ಭಾನುವಾರ ಅವನ ಹಾಡು ಹಾಡಬಾರದು, ಹೆಸರು ಕೂಗಿದಾಗ ಬೆನ್ನು ತಿರುಗಿಸಿ ನಿಲ್ಲಬೇಕು ಎಂದು ಮಾತಾಯಿತು. ಭಾನುವಾರದ್ದು ಸಾಮಾನ್ಯ ಪಂದ್ಯವೂ ಅಲ್ಲ. ಸೋತರೆ ತಂಡ ಮೂರನೇ ದರ್ಜೆಗೆ ಇಳಿಯುತ್ತಿತ್ತು.

ಚಿಗುಸಾಳಿಗೆ ಅನ್ನ ಸೇರಲಿಲ್ಲ. ಗುಟ್ಟು ಒಡೆಯಿತು ಎಂಬುದಕ್ಕಿಂತ ದೊಡ್ಡದೊಂದು ಭಯ ಅವಳನ್ನು ಹಿಡಿದಿತ್ತು. ಪರದೆ ಬೇಡವೆನ್ನಲು ಸಾವಿರ ಕಾರಣಗಳಿರಬಹುದು. ಬಣ್ಣ ಹಿಡಿಸಿರಲಿಕ್ಕಿಲ್ಲ. ಮಗಳು ಹಠ ಮಾಡಿರಬಹುದು. ಅವನು ಹೋಗುವ ಯೋಚನೆಯನ್ನೇ ಮಾಡಿರದಿದ್ದರೆ? ಮನೆಯಲ್ಲೇ ಕೂತವನಿಗೆ ಬಾಗಿಲಲ್ಲಿ ನಿಂತು 'ಹೋಗಿ ಬಾ' ಎಂದರೆ ಅದರ ಅರ್ಥ ಏನಾಗುತ್ತದೆ?

ಶುಕ್ರವಾರ ಅಂಗಡಿಗೆ ರಜೆ ಹೇಳಿ ಅಭ್ಯಾಸದ ಮೈದಾನಕ್ಕೆ ಹೋದಳು. ಗೇಟಿನಾಚೆ ಸರಪಳಿ ಕಟ್ಟಿದ ಜಾಗದಲ್ಲಿ ಅಭಿಮಾನಿಗಳು ಕಾಯುತ್ತಾರೆ. ಆಟಗಾರರು ಕಾರು ನಿಲ್ಲಿಸಿ, ಗಾಜು ಇಳಿಸಿ, ಸಹಿ ಹಾಕಿ ಹೋಗುತ್ತಾರೆ. ಆ ದಿನ ಬಂದವರು ಕಡಿಮೆ. ಮುಂದೆ ನಿಂತಿದ್ದದ್ದು ಸುಗಿ ಅಜ್ಜಿ. ಎಂಬತ್ತು ದಾಟಿದ ಈ ಅಜ್ಜಿ ಮೂಲಂಗಿ ಉಪ್ಪಿನಕಾಯಿ ಹಾಕಿ ಮಿಜುವಿಗೆ ತಂದುಕೊಡುತ್ತಿದ್ದಳು. ಮಿಜುವಿನ ಬಿಳಿ ಕಾರು ಎಂದಿನಂತೆ ನಿಂತಿತು, ಗಾಜು ಇಳಿಯಿತು. ಯಾರೂ ಪೆನ್ನು ಚಾಚಲಿಲ್ಲ. ಮಿಜು ಎಲ್ಲರ ಮುಖವನ್ನೂ ಒಮ್ಮೆ ನೋಡಿ ಸ್ಟೀರಿಂಗಿನ ಮೇಲಿದ್ದ ತನ್ನ ಕೈಗಳನ್ನೇ ನೋಡತೊಡಗಿದ.

"ಹೋಗೋದಾದ್ರೆ ಹೋಗಪ್ಪ," ಎಂದಳು ಸುಗಿ ಅಜ್ಜಿ. "ನನ್ನ ಉಪ್ಪಿನಕಾಯಿ ಡಬ್ಬ ಮಾತ್ರ ತೊಳ್ದು ಕೊಟ್ಟು ಹೋಗು. ಮುಚ್ಚಳ ಸಮೇತ."

ಯಾರಿಗೂ ನಗು ಬರಲಿಲ್ಲ. ಚಿಗುಸಾ ಮುಂದೆ ಬಂದು ಸರಪಳಿಗೆ ಸೊಂಟ ತಾಗುವಷ್ಟು ಬಗ್ಗಿದಳು. ಆ ಬಟ್ಟೆ ಬರೆದದ್ದು ನಾನು, ನನ್ನನ್ನು ಕ್ಷಮಿಸಿ ಎಂದು ಒಂದೇ ಉಸಿರಿಗೆ ಹೇಳಿದಳು. ಮಿಜು ಅವಳನ್ನು ದಿಟ್ಟಿಸಿದ. ಇವಳು ಯಾವ ಅಂಗಡಿಯವಳು ಎಂಬುದು ಅವನಿಗೆ ನೆನಪಾದದ್ದು ಕಣ್ಣಿನಲ್ಲೇ ಕಾಣಿಸಿತು.

"ಪರದೆ," ಎಂದ ಮೆಲ್ಲಗೆ. "ಅಷ್ಟಕ್ಕೇನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ನಾನಿನ್ನೂ ಸಹಿ ಹಾಕಿಲ್ಲ, ಚಿಗುಸಾ ಸಾನ್. ಎಲ್ಲಿಗೂ ಹಾಕಿಲ್ಲ. ಇಲ್ಲಿಯ ಕಾಗದವೂ ಮೇಜಿನ ಮೇಲಿದೆ, ಅಲ್ಲಿಯದೂ ಇದೆ."

ಹಿಂದಿನ ಕಾರು ಹಾರನ್ ಹೊಡೆಯಿತು. ಗಾಜು ಮೇಲೇರಿತು. ಕೊನೆಗೆ ಅವನೇ ಅವಳಿಗೆ ತಲೆ ಬಗ್ಗಿಸಿ ಹೋದದ್ದನ್ನು ಸಹಿಸುವುದು ಇನ್ನೂ ಕಷ್ಟವಾಯಿತು.

ಆ ದಿನ ಮನೆಗೆ ಹೇಗೆ ಬಂದಳೋ ತಿಳಿಯಲಿಲ್ಲ. ಇನ್ನೂ ಸಹಿ ಹಾಕಿಲ್ಲ. ತಕ್ಕಡಿ ಸಮಸಮವಾಗಿ ತೂಗುತ್ತಿದ್ದಾಗ, ಯಾರೂ ಕೇಳದಿದ್ದರೂ ಒಂದು ತಟ್ಟೆಯಲ್ಲಿ ತನ್ನ ಬಟ್ಟೆಯನ್ನು ಇಟ್ಟವಳು ತಾನು. ಈಗ ಊರು ಅವನಿಗೆ ಬೆನ್ನು ತಿರುಗಿಸಿದರೆ ಅವನು ಖಂಡಿತ ಹೋಗುತ್ತಾನೆ. ಹೋದರೆ ಎಲ್ಲರೂ, ನೋಡಿ, ಚಿಗುಸಾ ಸಾನ್ ಅಂದದ್ದೇ ನಿಜವಾಯಿತು ಎನ್ನುತ್ತಾರೆ. ಆ ಹೊಗಳಿಕೆ ಅವಳಿಗೆ ಬೇಡವಾಗಿತ್ತು. ಬಟ್ಟೆಯನ್ನು ಸುಟ್ಟುಬಿಡೋಣ ಎನ್ನಿಸಿತು. ಸುಟ್ಟು ಅವನು ಹೊರಟೇಬಿಟ್ಟರೆ, ಇಷ್ಟು ವರ್ಷ ಇದ್ದವನನ್ನು ಬರಿಗೈಯಲ್ಲಿ ಕಳಿಸಿದ ಹಾಗಾಗುತ್ತದೆ. ಹಿಡಿದರೆ ದಬ್ಬಿದ ಹಾಗೆ, ಹಿಡಿಯದಿದ್ದರೆ ಮರೆತ ಹಾಗೆ.

ಶನಿವಾರ ಆಟದ ಕೋಣೆಯಲ್ಲಿ ಕೂತು ಅವಳು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದಳು. ಕಿಟಕಿಯ ಪರದೆ ಮೇಲಕ್ಕೆ ಸುತ್ತುವ ಹಾಗೆ ಬಟ್ಟೆಯ ಕೆಳಭಾಗವನ್ನು 'ಮಿಜು' ಎಂಬ ಹೆಸರಿನ ಬುಡದವರೆಗೂ ಸುತ್ತಿದಳು. ಸುರುಳಿ ಬಿಚ್ಚದಂತೆ ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕಿದಳು; ಒಂದೇ ದಾರ, ಗಂಟಿಲ್ಲದ್ದು, ತುದಿ ಹಿಡಿದು ಎಳೆದರೆ ಪೂರ್ತಿ ಕಿತ್ತು ಬರುವಂಥದ್ದು. ಈಗ ಬಟ್ಟೆ ಅವನ ಹೆಸರನ್ನಷ್ಟೇ ಹೇಳುತ್ತಿತ್ತು. ಉಳಿದದ್ದನ್ನು ಹೇಳುವುದೋ ಬಿಡುವುದೋ, ಅದು ಅವನಿಗೇ ಸೇರಿದ್ದು. ಹೊಲಿಯುವಾಗ ಬಣ್ಣ ಅಂಟಂಟಾಗಿ ಕೈಗೆ ತಗುಲುತ್ತಿತ್ತು. ಅದನ್ನು ಅವಳು ಗಮನಿಸಿದಳು, ಆದರೆ ಬೇರೆ ದಾರಿ ಹೊಳೆಯಲಿಲ್ಲ.

ಭಾನುವಾರ ಗ್ಯಾಲರಿಯ ಕಂಬಿಗೆ ಬಟ್ಟೆ ಕಟ್ಟುತ್ತಿದ್ದಾಗ ಕುರಾತಾ ಬಂದು ನಿಂತ. ಕೀಳಿ ಎನ್ನುತ್ತಾನೆಂದು ಅವಳು ಗಂಟನ್ನು ಇನ್ನಷ್ಟು ಬಿಗಿದಳು. ಅವನು ಸುರುಳಿಯನ್ನು ಮುಟ್ಟಿ ನೋಡಿದ.

"ಉಳಿದಿದ್ದು ಒಳಗಿದ್ಯಾ?"

"ಇದೆ. ಬೇಕಾದ್ರೆ ಅವ್ನೇ ಬಿಚ್ಚಲಿ."

"ನಾನಂತೂ ಹಾಡು ಎತ್ತಲ್ಲ," ಎಂದು ಹೇಳಿ ಅವನು ಮೇಲೆ ಹತ್ತಿ ಹೋದ. ಬಟ್ಟೆ ಉಳಿಯಿತು.

ಆಟಗಾರರ ಹೆಸರು ಕೂಗಿದರು. ಒಂದೊಂದು ಹೆಸರಿಗೂ ಹಾಡು, ಡೋಲು. ಎಂಟನೇ ನಂಬರು ಬಂದಾಗ ಏನೂ ಇಲ್ಲ. ಪಂದ್ಯವಿಡೀ ಬಾಯಿ ಮುಚ್ಚದ ಗ್ಯಾಲರಿ ಅದು. ಅಲ್ಲಿನ ಮೌನ ಬೈಗುಳಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ. ಅರ್ಧ ಜನ ಬೆನ್ನು ತಿರುಗಿಸಿದ್ದರು. ಚಿಗುಸಾ ಕಂಬಿ ಹಿಡಿದುಕೊಂಡು ಮುಂದಕ್ಕೇ ನೋಡುತ್ತಿದ್ದಳು, ಹಿಂದೆ ತಿರುಗಲು ಧೈರ್ಯವಾಗಲಿಲ್ಲ.

ಮಿಜು ಕೆಟ್ಟದಾಗಿ ಆಡಿದ. ಚೆಂಡು ಕಾಲಿಗೆ ಬಂದ ತಕ್ಷಣ ಬಿಸಿ ತಗುಲಿದವನಂತೆ ಬೇರೆಯವರಿಗೆ ಕೊಟ್ಟುಬಿಡುತ್ತಿದ್ದ. ಎರಡನೇ ಅರ್ಧದಲ್ಲಿ ಕಾರ್ನರ್ ಒದೆಯಲು ಗ್ಯಾಲರಿಯ ಬುಡಕ್ಕೇ ಬಂದಾಗ, ಅವನು ಚೆಂಡನ್ನು ಇಟ್ಟು, ಎತ್ತಿ, ಮತ್ತೆ ಇಡುವುದು ಅವಳಿಗೆ ಕಂಡಿತು. ಅವನಿಗೂ ಹೆದರಿಕೆ. ಇಷ್ಟು ವರ್ಷ ಈ ಮೂಲೆಗೆ ಬಂದಾಗಲೆಲ್ಲ ಬೆನ್ನ ಹಿಂದೆ ಹಾಡಿರುತ್ತಿತ್ತು. ಆ ಒದೆತ ಗೋಲನ್ನು ದಾಟಿ ಎಲ್ಲೋ ಹೋಯಿತು. ಹಿಂದಿನಿಂದ ಯಾರೋ, "ಸೊನ್ನೆ ಯೆನ್ನಿಗೆ ಇನ್ನೇನು ಬರುತ್ತೆ," ಎಂದರು.

ಪಂದ್ಯ ಯಾರೂ ಗೋಲು ಹೊಡೆಯದೆ ಮುಗಿಯಿತು. ತಂಡ ಎರಡನೇ ದರ್ಜೆಯಲ್ಲೇ ಉಳಿಯಿತು. ಜನ ಅತ್ತರು, ಅಪ್ಪಿಕೊಂಡರು. ಆಟಗಾರರು ವಾಡಿಕೆಯಂತೆ ಮೈದಾನ ಸುತ್ತುತ್ತಾ ಬಂದು ಗೋಲಿನ ಹಿಂದೆ ಸಾಲಾಗಿ ನಿಂತು ತಲೆ ಬಗ್ಗಿಸಿದರು. ಮಿಜು ಸಾಲಿನ ತುದಿಯಲ್ಲಿದ್ದ. ಎಲ್ಲರೂ ತಲೆ ಎತ್ತಿದ ಮೇಲೂ ಅವನು ಬಗ್ಗಿಯೇ ಇದ್ದ. ಎದ್ದಾಗ ಬಟ್ಟೆಯ ಮೇಲಿನ ತನ್ನ ಹೆಸರನ್ನು ನೋಡಿದ. ಮೆಲ್ಲಗೆ ಕಂಬಿಯ ಕೆಳಗೆ ಬಂದ.

ಚಿಗುಸಾ ಬಗ್ಗಿ ದಾರದ ತುದಿ ತೋರಿಸಿದಳು. "ಇದನ್ನ ಎಳೆದ್ರೆ ಬಿಚ್ಕೊಳ್ಳುತ್ತೆ. ಇರೋದಾದ್ರೆ ಎಳೀಬೇಡಿ. ನಾನು ಮನೆಗೆ ತಗೊಂಡು ಹೋಗ್ತೀನಿ, ಯಾರೂ ಏನೂ ಅನ್ನಲ್ಲ."

ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡ. ತುಂಬಾ ಹೊತ್ತು ಹಾಗೇ ನಿಂತ. ಎಳೆಯಬೇಡ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಮಿಜು ಎಳೆದ.

ದಾರ ಸರ್ರನೆ ಕಿತ್ತು ಬಂತು. ಬಟ್ಟೆ ಬಿಚ್ಚಿಕೊಳ್ಳಲಿಲ್ಲ. ಹಸಿ ಬಣ್ಣ ಸುರುಳಿಯೊಳಗೆ ಅಂಟಿಕೊಂಡು ಹಿಡಿದುಬಿಟ್ಟಿತ್ತು. ಮಿಜು ಕೆಳಗಿನಿಂದ, ಚಿಗುಸಾ ಮೇಲಿನಿಂದ ಕೈ ಹಾಕಿ ಒಂದೊಂದೇ ಸುತ್ತು ಬಿಡಿಸಿದರು. ಗಾಯದ ಪಟ್ಟಿ ಕೀಳುವಂಥ ಸದ್ದು. ಅಕ್ಷರಗಳ ಹಳದಿ ಅಲ್ಲಲ್ಲಿ ಕಿತ್ತು, ಅಲ್ಲಲ್ಲಿ ಎರಡೆರಡಾಗಿ ಮೂಡಿತ್ತು. ಆದರೂ ಓದಲು ಬರುತ್ತಿತ್ತು. ಇಷ್ಟು ವರ್ಷ ನಮ್ಮವನಾಗಿದ್ದೆ. ಹೋಗಿ ಬಾ.

ಅವರಿಬ್ಬರ ತಲೆ ಹತ್ತಿರವಿದ್ದಾಗ ಅವಳು ಕೇಳಿದಳು. "ನನ್ನಿಂದಾನಾ?"

"ಅಲ್ಲ," ಎಂದ ಮಿಜು. ಪ್ರಶ್ನೆ ಮುಗಿಯುವ ಮೊದಲೇ ಅಂದ.

ಗ್ಯಾಲರಿಯಲ್ಲಿ ಒಬ್ಬ ಬೊಬ್ಬೆ ಹೊಡೆದ, ಇನ್ನೊಬ್ಬ ಅವನನ್ನು ಸುಮ್ಮನಿರಿಸಿದ. ಕುರಾತಾ ಮೆಗಾಫೋನನ್ನು ಕಾಲಬುಡದಲ್ಲಿ ಇಟ್ಟ. ಹಾಡು ಎತ್ತುವುದಿಲ್ಲವೆಂದು ತಾನೇ ಹೇಳಿದ್ದವನು. ಮೆಗಾಫೋನ್ ಇಲ್ಲದೆ, ಒಡೆದ ಗಂಟಲಲ್ಲಿ, ತನಗೊಬ್ಬನಿಗೇ ಎಂಬಂತೆ ಮಿಜುವಿನ ಹಾಡು ಹೇಳತೊಡಗಿದ. ಕೆಲವರು ಸೇರಿಕೊಂಡರು. ಹಲವರು ಸೇರಲಿಲ್ಲ, ಕೈಕಟ್ಟಿ ನಿಂತೇ ಇದ್ದರು. ಸುಗಿ ಅಜ್ಜಿ ಮಾತ್ರ ತಾಳ ತಪ್ಪಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು.

ಚಿಗುಸಾ ಕಂಬಿಯಿಂದ ಬಿಚ್ಚಿಕೊಟ್ಟ ಬಟ್ಟೆಯನ್ನು ಮಿಜು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಅವನ ಬಿಳಿ ಅಂಗಿಗೆ ಹಳದಿ ಹತ್ತಿತು. ಡಬ್ಬ ನಾಳೆ ತಂದುಕೊಡುತ್ತೇನೆಂದು ಅಜ್ಜಿಗೆ ಕೈಸನ್ನೆ ಮಾಡಿ ಒಳಗೆ ನಡೆದ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಚಿಗುಸಾಳ ಮುಷ್ಟಿಯಲ್ಲಿ, ಅವನು ಕಂಬಿಯ ಮೇಲೆ ಬಿಟ್ಟು ಹೋದ ಆ ದಾರವಿತ್ತು. ಅಲ್ಲ ಎಂದಿದ್ದ. ನಿಜಕ್ಕೂ ಅಲ್ಲವಾದ್ದರಿಂದ ಅಷ್ಟು ಬೇಗ ಅಂದನೋ, ಅವಳ ಮುಖ ನೋಡಿ ಪಾಪ ಎನ್ನಿಸಿ ಅಂದನೋ? ಅವನು ಒಳ್ಳೆಯವನು, ಎರಡರಲ್ಲಿ ಯಾವುದನ್ನೂ ಮಾಡಿಯಾನು. ಕಿಟಕಿಯಾಚೆ ಕಡಲು ಕಪ್ಪಾಗುತ್ತಿತ್ತು. ಅವಳು ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.