ಅವ್ವ ಕೂರುತ್ತಿದ್ದ ಜಾಗ

ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಹಾಡುವ ರೋತಿಯಾಳಿಗೆ ಊರ ಚಾವಡಿಗಳು ಹೊಸತಲ್ಲ. ಚಾವಡಿಯ ಸೂರಿನಡಿ ಮನೆತನಕ್ಕೊಂದು ಜಾಗ. ಆ ಮನೆತನದವರು ಅಲ್ಲೇ ಕೂರಬೇಕು. ಹೊರಗಿನವರಿಗೆ ಬೇರೆ ಚಾಪೆ. ತನ್ನ ದ್ವೀಪ ತಾರಾವಾ ಬಿಟ್ಟ ಮೇಲೆ ಎರಡು ದ್ವೀಪಗಳಲ್ಲಿ ಅವಳು ಆ ಚಾಪೆಯಲ್ಲೇ ಕೂತು, ಹಾಡಿ, ಉಂಡು ಎದ್ದುಬಂದಿದ್ದಳು. ನೊನೌತಿ ಮಾತ್ರ ಹಾಗಲ್ಲ. ಅದು ಅವಳ ಅವ್ವ ಬೊರಂಗಾ ಬೆಳೆದ ಊರು. ಯಾವ ಮನೆತನವೆಂದು ಅವ್ವ ಸಾಯುವ ತನಕ ಬಾಯಿ ಬಿಡಲಿಲ್ಲ. ಕೇಳಿದರೆ, “ಮೀನು ಸೀಯ್ತಾ ಇದೆ ನೋಡು ಹೋಗು” ಎನ್ನುತ್ತಿದ್ದಳು. ಒಮ್ಮೆಯಾದರೂ ಅವ್ವನ ಜಾಗದಲ್ಲಿ ಕೂರಬೇಕೆಂದೇ ರೋತಿಯಾ ಈ ಊರಲ್ಲಿ ಹಾಡಲು ಒಪ್ಪಿಕೊಂಡಿದ್ದು.

“ನಾನು ಬೊರಂಗಾಳ ಮಗಳು. ಎಲ್ಲಿ ಕೂರ್ಲಿ?” ಎಂದು ಹಿರಿಯರನ್ನು ಕೇಳಿದಳು.

ಹಿರಿಯರು ಮುಖ ಮುಖ ನೋಡಿಕೊಂಡರು. ಒಬ್ಬ ಕೆಮ್ಮಿದ. “ಆ ಹೆಸರಿನೋರು ಬೇಕಾದಷ್ಟು ಜನ ಇದ್ರಮ್ಮ. ಸದ್ಯಕ್ಕೆ ಆ ಚಾಪೆ ಮೇಲೆ ಕೂತ್ಕೋ.”

ಕೂತಳು. ಅವಳು ಪುಟ್ಟ ತಂತಿವಾದ್ಯ ಯುಕುಲೆಲೆ ಹಿಡಿದಳು, ಜೊತೆಗಾರ ತಿಯೋತಿ ಗಿಟಾರು. ನಾಲ್ಕನೆಯ ಹಾಡಿಗೆ ಮುದುಕಿಯರು ಎದ್ದು ಕುಣಿದರು, ಮೆಚ್ಚುಗೆಗೆ ಅವಳ ಕತ್ತಿಗೆ ಪೌಡರು ಬಳಿದು ಸೆಂಟು ಚಿಮುಕಿಸಿದರು. ಹಾಡು ನಿಂತಿತೋ ಇಲ್ಲವೋ, ತೆರೇಕಾ ಎಂಬ ಅಜ್ಜಿ ಬಂದು ಕೈ ಹಿಡಿದಳು.

“ಬಾರೇ ಮಗಳೇ, ನೀನು ನಮ್ಮನೆಯವಳು. ಈ ಮೂಗು ನೋಡು.”

“ನಿಮ್ಮನೇಲಿ ಮೂಗಿರೋರು ಯಾರಿದ್ದಾರೆ? ಅವಳು ನಮ್ಮವಳು” ಎಂದ ಎದುರು ಕಂಬಕ್ಕೆ ಒರಗಿ ಕೂತಿದ್ದ ಮುದುಕ. ಮೂರನೆಯ ಮನೆಯವರು ಆಗಲೇ ಚಾಪೆ ಹಾಸಿಬಿಟ್ಟಿದ್ದರು.

“ಹಾಡೋಕೆ ಮುಂಚೆ ದಿಕ್ಕಿಲ್ದೋಳು, ಹಾಡಿದ್ಮೇಲೆ ಮೂರು ಮನೆ ಮೊಮ್ಮಗಳು” ಎಂದು ತಿಯೋತಿ ಕಿವಿಯಲ್ಲಿ ಉಸುರಿದ. “ಇನ್ನೆರಡು ಹಾಡಿಬಿಡಕ್ಕ, ಇಡೀ ಊರೇ ನಿಂದಾಗತ್ತೆ.”

ರೋತಿಯಾಳಿಗೆ ನಗು ಬರಲಿಲ್ಲ. ತೆರೇಕಾಳ ಮೂಗು ನಿಜವಾಗಿಯೂ ತನ್ನದರಂತಿತ್ತು. ಮುದುಕ ನಕ್ಕರೆ ಅವ್ವನೇ ನಕ್ಕಂತಿತ್ತು. ಒಂದು ಕಡೆ ಕೂತರೆ ಮತ್ತೆ ಏಳುವಂತಿಲ್ಲ. ಉಳಿದೆರಡು ಮನೆಯವರ ಮುಖಕ್ಕೆ ಹೊಡೆದ ಹಾಗೆ. ಏನೂ ತೋಚದೆ ಕೇಳಿದಳು: “ನಮ್ಮವ್ವನ ಗಂಟಲು ಹೇಗಿತ್ತು?”

“ಜೇನು ಕಣೇ. ನಿಂದು ಅವಳದೇ ಗಂಟಲು” ಎಂದಳು ತೆರೇಕಾ. ಮಿಕ್ಕೆರಡು ಮನೆಯವರೂ ಹೌದೆಂದು ತಲೆಯಾಡಿಸಿದರು.

ರೋತಿಯಾ ಯುಕುಲೆಲೆ ಕೆಳಗಿಟ್ಟಳು. ಅವ್ವನಿಗೆ ಒಂದು ಸಾಲೂ ನೆಟ್ಟಗೆ ಹಾಡಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಮೂಲೆಯಲ್ಲಿ ಕೇದಗೆಯೆಲೆಯಲ್ಲಿ ಹೊಗೆಸೊಪ್ಪು ಸುತ್ತುತ್ತಿದ್ದ ನಬೆತಾರಿ ಅಜ್ಜ ಕಿಸಕ್ಕನೆ ನಕ್ಕ. “ಬೊರಂಗಾ ಬಾಯಿ ತೆಗೆದ್ರೆ ಕೋಳಿ ಎದ್ದು ಹೋಗ್ತಿದ್ವು. ‘ತುಟಿ ಆಡಿಸಿದ್ರೆ ಸಾಕು ತಾಯಿ’ ಅಂತ ಚರ್ಚಲ್ಲಿ ಪಾದ್ರಿಗಳೇ ಕೈ ಮುಗಿದಿದ್ರು.”

“ಹಾಗಾದ್ರೆ ನಾನು ನಿಮ್ಮನೆಯವಳಾ, ಅಜ್ಜ?”

“ಅಲ್ಲಮ್ಮ. ನಾನು ಪಕ್ಕದ ಮನೆಯವನು ಅಷ್ಟೇ. ಅವಳನ್ನ ಸಾಕಿದ ಮುದುಕಿ ಯಾವ ದ್ವೀಪದಿಂದಲೋ ಎತ್ಕೊಂಡು ಬಂದಿದ್ಳು. ತನ್ನ ಜಾಗ ಇವಳಿಗೆ ಅಂತ ಹಿರಿಯರ ಮುಂದೆ ಹೇಳೋಕೆ ಮುಂಚೆ ಸತ್ತಳು. ಬೊರಂಗಾ ಈ ಸೂರಿನ ಒಳಗೆ ಯಾವತ್ತೂ ಕೂತೋಳಲ್ಲ. ಹೊರಗೆ ಕೂತು ಕೇಳ್ತಿದ್ಳು.”

ರೋತಿಯಾ ಎದ್ದು, ತಗ್ಗಾದ ಸೂರಿಗೆ ಬಗ್ಗಿ, ಆಚೆ ಹೋದಳು. ಅವಳಿಗೆ ಅಳು ಬರಬೇಕಿತ್ತೋ ಸಮಾಧಾನವಾಗಬೇಕಿತ್ತೋ ಗೊತ್ತಾಗಲಿಲ್ಲ.

“ಹೊರಗೆ ಕೂರ್ಬೇಡ ಕಣೇ, ನಮಗೆ ಅವಮಾನ” ಎಂದಳು ತೆರೇಕಾ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ರೋತಿಯಾ ಹವಳದ ಜಲ್ಲಿಯ ಮೇಲೆ ಕೂತಳು. ನಬೆತಾರಿ ಅಜ್ಜ ಒಳಗಿನಿಂದ ಕತ್ತು ಚಾಚಿ ನೋಡಿದ.

“ಅಲ್ಲಲ್ಲ, ಇನ್ನೂ ಸ್ವಲ್ಪ ಆಚೆ. ಅವಳು ಕೂರ್ತಿದ್ದಲ್ಲಿ ಬೆನ್ನಿಗೆ ಕಲ್ಲು ಸಿಗತ್ತೆ.”

ಅವಳು ಸರಿದು ಕೂತಳು. ಸಿಕ್ಕಿತು.