ಕುದುರೆಗಳನ್ನು ಬಚ್ಚಿಟ್ಟ ಊರು

೧೮೬೩ರ ಜೂನ್ ತಿಂಗಳ ಒಂದು ಸೋಮವಾರ ಹಿಕರಿಫೋರ್ಡಿನ ಚರ್ಚಿನ ಗಂಟೆ ನಿಲ್ಲದೆ ಬಡಿದುಕೊಂಡಿತು. ಪ್ರಾರ್ಥನೆಗಲ್ಲ, ಸಾವಿಗೂ ಅಲ್ಲ. ದಕ್ಷಿಣದ ದಂಡು ಪೊಟೊಮ್ಯಾಕ್ ನದಿ ದಾಟಿದೆ, ಕುದುರೆಗಳನ್ನು ಬೆಟ್ಟ ಹತ್ತಿಸಿ ಎಂಬ ಗಂಟೆ.

ಅಮೆರಿಕದ ಉತ್ತರದ, ಗುಲಾಮಗಿರಿ ಇಲ್ಲದ ರಾಜ್ಯ ಪೆನ್ಸಿಲ್ವೇನಿಯಾದ ಗಡಿಯ ಊರುಗಳಿಗೆ ಇದು ಹೊಸದಲ್ಲ. ಹಿಂದಿನ ಅಕ್ಟೋಬರ್‌ನಲ್ಲಿ ದಕ್ಷಿಣದ ಸವಾರರು ಹೀಗೇ ನುಗ್ಗಿ, ಕಂಡಕಂಡ ಲಾಯಗಳಿಂದ ಕುದುರೆ ಬಿಚ್ಚಿಕೊಂಡು ಹೋಗಿದ್ದರು. ಅಂದಿನಿಂದ ಊರಿನವರು ಒಂದು ಕ್ರಮ ಮಾಡಿಕೊಂಡಿದ್ದರು. ಗಂಟೆ ಬಡಿದ ಕೂಡಲೇ ರೈತರು ತಮ್ಮ ಕುದುರೆಗಳನ್ನು ಬ್ರೆನಮನ್ ಹೋಟೆಲಿನ ಅಂಗಳಕ್ಕೆ ತಂದು ಬಿಡಬೇಕು. ಅವನ್ನು ಒಟ್ಟಾಗಿ ಬೆಟ್ಟದ ಕಾಡಿಗೆ ಹೊಡೆದುಕೊಂಡು ಹೋಗಿ, ಅಪಾಯ ಕಳೆಯುವ ತನಕ ಕಾಯುವುದು ಊರಿನ ಕಪ್ಪು ಗಂಡಸರ ಕೆಲಸ. ಕುದುರೆಯ ವಿಷಯದಲ್ಲಿ ಬೇರೆ ಯಾರನ್ನೂ ಊರು ಅಷ್ಟು ನಂಬುತ್ತಿರಲಿಲ್ಲ. ಆ ಅಕ್ಟೋಬರ್‌ನಲ್ಲಿ ಪಕ್ಕದ ಹಳ್ಳಿಯ ಇಬ್ಬರು ಕಪ್ಪು ಆಳುಗಳೂ ಕಾಣೆಯಾಗಿದ್ದರು. ಹೆದರಿ ಎಲ್ಲಿಗೋ ಓಡಿಹೋಗಿರಬೇಕು ಎಂದು ಜನ ಮಾತಾಡಿಕೊಂಡು ಮರೆತರು. ನೆನಪಿನಲ್ಲಿ ಉಳಿದದ್ದು ಕುದುರೆಗಳು.

ಹೋಟೆಲಿನ ಲಾಯ ನೋಡಿಕೊಳ್ಳುತ್ತಿದ್ದವನು ಸೈಲಸ್. ಅವನ ಹೆಂಡತಿ ಡಾರ್ಕಸ್ ಅದೇ ಹೋಟೆಲಿನ ಅಡುಗೆಯವಳು. ಬಿಡುವಿನಲ್ಲಿ ಊರಿನ ಗಂಡಸರ ಅಂಗಿಗಳನ್ನೂ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಅವರ ಮಗಳು ಟಿಲ್ಡಾಗೆ ಒಂಬತ್ತು ವರ್ಷ.

"ನಮ್ಮನ್ನೂ ಕರ್ಕೊಂಡು ಹೋಗು," ಅಂದಳು ಡಾರ್ಕಸ್, ಅವನ ಚೀಲಕ್ಕೆ ಬ್ರೆಡ್ಡು ತುಂಬುತ್ತಾ.

"ಆ ಕಾಡಲ್ಲಿ ಮಗೂನ ಎಲ್ಲಿ ಮಲಗಿಸ್ತೀಯೇ? ಅವ್ರಿಗೆ ಬೇಕಿರೋದು ಕುದುರೆ. ಹೆಚ್ಚಂದ್ರೆ ಗಂಡಸರು. ಹೆಂಗಸರು ಮಕ್ಕಳನ್ನ ಕಟ್ಕೊಂಡು ದಂಡು ಏನ್ ಮಾಡುತ್ತೆ?"

ಅಂಗಳದಲ್ಲಿ ಜೀನು ಹೊಲಿಯುವ ಹೂಬರ್ ತನ್ನ ಮುದಿ ಹೆಣ್ಣು ಕುದುರೆಯ ಹಗ್ಗವನ್ನು ಸೈಲಸನ ಕೈಗೆ ಕೊಟ್ಟ. "ಹುಷಾರು ಕಣಪ್ಪಾ. ನನ್ನ ಹೆಂಡತಿಗಿಂತ ಇವಳೇ ಹಳಬಳು."

"ಇವಳನ್ನ ಇಲ್ಲೇ ಬಿಡಿ ಹೂಬರ್ ಸಾಹೇಬ್ರೆ," ಅಂದ ಸೈಲಸ್. "ಇವಳ ಹಲ್ಲು ನೋಡಿದ್ರೆ ದಂಗೆಕೋರರೇ ವಾಪಸ್ ಓಡ್ತಾರೆ."

ಎಲ್ಲರೂ ನಕ್ಕರು. ಕುದುರೆಗಳ ಸಾಲು ಧೂಳೆಬ್ಬಿಸುತ್ತಾ ಬೆಟ್ಟದ ದಾರಿ ಹಿಡಿಯಿತು. ಕಪ್ಪು ಗಂಡಸರು ಎಲ್ಲರೂ ಅದರ ಜೊತೆ ಹೋದರು.

ಯುದ್ಧ ಆ ಹೋಟೆಲಿಗೆ ಒಮ್ಮೆಲೇ ಬಂದದ್ದಲ್ಲ. ೧೮೬೦ರ ಚುನಾವಣೆಯ ಹೊತ್ತಿಗೆ ಅದು ಊಟದ ಮೇಜಿನ ಮೇಲಿನ ಜಗಳವಾಗಿತ್ತು. ಹೊಸ ಪ್ರಾಂತ್ಯಗಳಲ್ಲಿ ಗುಲಾಮರನ್ನು ಇಟ್ಟುಕೊಳ್ಳಲು ಬಿಡಬೇಕೋ ಬೇಡವೋ ಎಂದು ಗಂಡಸರು ತಟ್ಟೆ ಕುಟ್ಟುತ್ತಿದ್ದರು. ಡಾರ್ಕಸ್ ಅವರ ಮಧ್ಯೆ ಸೂಪು ಬಡಿಸುತ್ತಿದ್ದಳು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟವು. ಮರುವರ್ಷದ ಏಪ್ರಿಲ್‌ನಲ್ಲಿ ಚಾರ್ಲ್‌ಸ್ಟನ್ ಬಂದರಿನ ಕೋಟೆಯ ಮೇಲೆ ಗುಂಡು ಬಿತ್ತು. ಬೇಸಿಗೆ ಮುಗಿಯುವುದರೊಳಗೆ ಎಲ್ಲ ಮುಗಿಯುತ್ತದೆ ಅಂದರು. ಜುಲೈಯಲ್ಲಿ ಬುಲ್ ರನ್ ಹೊಳೆಯ ದಂಡೆಯಲ್ಲಿ ನಮ್ಮವರು ಗೆದ್ದರೆಂದು ಪತ್ರಿಕೆ ಬಂತು. ಅದರ ಹಿಂದೆಯೇ, ಸೋತು ಓಡಿದರೆಂದು ಇನ್ನೊಂದು ಪತ್ರಿಕೆ ಬಂತು. ೧೮೬೨ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯೇ ಬೇಕಾಗಲಿಲ್ಲ. ಗಡಿಯಾಚೆ ಆಂಟೀಟಮ್ ಹೊಳೆಯ ಬಳಿ ಬೆಳಗಿನಿಂದ ಹಾರಿದ ಫಿರಂಗಿಗಳಿಗೆ ಹಿಕರಿಫೋರ್ಡಿನ ಕಿಟಕಿಗಳು ಅದುರಿದವು. ಗಾಯಾಳುಗಳನ್ನು ಗಾಡಿಗಳಲ್ಲಿ ತಂದು ಚರ್ಚಿನ ಬೆಂಚುಗಳ ಮೇಲೆ ಮಲಗಿಸಿದರು. ಅವರ ಪಟ್ಟಿಗಳನ್ನು ಡಾರ್ಕಸ್ ಒಗೆದಳು. ನೀರು ಎಷ್ಟು ಸಲ ಬದಲಿಸಿದರೂ ಕೆಂಪಾಗಿಯೇ ಇತ್ತು.

ಹೋಟೆಲಿನ ಒಡತಿ ಸಲೋಮಿ ಬ್ರೆನಮನ್ ವಿಧವೆ. ಅವಳ ಒಬ್ಬನೇ ಮಗ ಆಡಮ್ ಡಿಸೆಂಬರ್‌ನಲ್ಲಿ ಫ್ರೆಡರಿಕ್ಸ್‌ಬರ್ಗ್‌ನ ಕಾಳಗದಲ್ಲಿ ದಿಣ್ಣೆ ಹತ್ತುವಾಗ ಸತ್ತ. ಸುದ್ದಿ ಬಂದ ವಾರ ಡಾರ್ಕಸ್ ಅವಳ ಬಳಿ ಕೂತು ಏನೋ ಸಮಾಧಾನ ಹೇಳಲು ಹೋದಾಗ ಸಲೋಮಿ ಅಂದಿದ್ದಳು: "ನನ್ನ ಮಗ ಒಕ್ಕೂಟಕ್ಕಾಗಿ ಸತ್ತ, ಡಾರ್ಕಸ್. ನಿಮ್ಮ ಜನಕ್ಕೆ ಅಂತ ಯಾರೂ ಅನ್ನಬೇಡಿ." ಡಾರ್ಕಸ್ ಎದ್ದು ಒಲೆಗೆ ಸೌದೆ ಹಾಕಿದಳು.

ಗಂಟೆ ಬಡಿದ ಮರುದಿನ ಮಧ್ಯಾಹ್ನದ ಹೊತ್ತಿಗೆ ಸವಾರರು ಬಂದರು. ಬೂದು ಬಣ್ಣದ ಅಂಗಿಗಳು, ಹರಿದ ಟೋಪಿಗಳು. ಖಾಲಿ ಲಾಯಗಳನ್ನು ನೋಡಿ ಬೈದರು. ಇಬ್ಬರು ಹೋಟೆಲಿನ ಅಡುಗೆಮನೆಗೆ ನುಗ್ಗಿ ಬ್ರೆಡ್ಡು ಕೇಳಿದರು. ಡಾರ್ಕಸ್ ಬಿಸಿ ಬ್ರೆಡ್ಡು ಕೊಯ್ದು ಸೇಬಿನ ಮುರಬ್ಬ ಹಚ್ಚಿ ಕೊಟ್ಟಳು. ಅವರು ನಿಂತೇ ತಿಂದರು. ಹಿರಿಯವನು ಬಾಯಿ ಒರೆಸಿಕೊಂಡು ಸಲೋಮಿಯ ಕಡೆ ತಿರುಗಿದ.

"ಇವಳು ಯಾರವಳು?"

"ನನ್ನ ಅಡುಗೆಯವಳು."

"ಕೆಲಸ ಕೇಳ್ಲಿಲ್ಲ ತಾಯಿ. ಇವಳ ಒಡೆಯ ಯಾರು?"

"ಇಲ್ಲಿ ಯಾರಿಗೂ ಒಡೆಯ ಇಲ್ಲ," ಅಂದಳು ಸಲೋಮಿ. "ಇದು ಪೆನ್ಸಿಲ್ವೇನಿಯಾ."

"ನಾನು ಇಲ್ಲೇ ಹುಟ್ಟಿದವಳು ಸ್ವಾಮಿ," ಅಂದಳು ಡಾರ್ಕಸ್. "ಈ ಊರಲ್ಲೇ. ನಮ್ಮಪ್ಪನ ಗೋರಿ ಹೊಳೆಯ ಹತ್ತಿರ ಇದೆ, ಬೇಕಾದ್ರೆ ತೋರಿಸ್ತೀನಿ."

"ಎಲ್ಲಿ ಹುಟ್ಟಿದ್ರೇನು? ವರ್ಜೀನಿಯಾದ ಗುಲಾಮರ ಸಂತೆಗೆ ಹೋದ್ಮೇಲೆ ಯಾರವಳು ಅಂತ ಗೊತ್ತಾಗುತ್ತೆ." ಅವನ ದನಿಯಲ್ಲಿ ಕೋಪವಿರಲಿಲ್ಲ. ಸೊಂಟದಿಂದ ಹಗ್ಗ ತೆಗೆದು ಅವಳ ಮಣಿಕಟ್ಟುಗಳನ್ನು ಸೇರಿಸಿ ಕಟ್ಟಿದ. ಡಾರ್ಕಸ್‌ಗೆ ಕೂಗಲೂ ಹೊಳೆಯಲಿಲ್ಲ. ಬೆರಳುಗಳಿಗೆ ಇನ್ನೂ ಹಿಟ್ಟು ಮೆತ್ತಿತ್ತು; ಹಗ್ಗದ ಕೆಳಗೆ ಅದು ಉದುರುವುದನ್ನೇ ನೋಡುತ್ತಾ ನಿಂತಳು. ಆಮೇಲೆ ಅವನು ಮೇಜಿನ ಹಿಂದೆ ಅಡಗಿದ್ದ ಟಿಲ್ಡಾಳನ್ನು ನೋಡಿದ.

"ಮಗೂಗೆ ಬೂಟು ಇದ್ರೆ ಹಾಕಿಬಿಡಿ ತಾಯಿ," ಅಂದ ಸಲೋಮಿಗೆ. "ದಾರಿ ದೂರ."

ಹೊರಗೆ ಬೀದಿಯಲ್ಲಿ ಎರಡು ದೊಡ್ಡ ಗಾಡಿಗಳು ನಿಂತಿದ್ದವು. ಡಾರ್ಕಸಳನ್ನೂ ಟಿಲ್ಡಾಳನ್ನೂ ಒಂದಕ್ಕೆ ಹತ್ತಿಸಿದರು. ಮೇಲಿನ ಊರುಗಳಿಂದ ಹಿಡಿದು ತಂದ ಕಪ್ಪು ಹೆಂಗಸರು, ಮಕ್ಕಳು ಅವುಗಳ ತುಂಬ. ಹುಲ್ಲಿನ ಅಟ್ಟಗಳಿಂದ, ನೆಲಮಾಳಿಗೆಗಳಿಂದ ಎಳೆದು ತಂದವರು. ಕೆಲವರ ಕೂದಲಲ್ಲಿ ಇನ್ನೂ ಹುಲ್ಲು ಸಿಕ್ಕಿಕೊಂಡಿತ್ತು. ಗಂಡಸರು ಯಾರೂ ಇರಲಿಲ್ಲ. ಆ ಊರುಗಳಲ್ಲೂ ಗಂಡಸರು ಕುದುರೆಗಳ ಜೊತೆ ಬೆಟ್ಟಕ್ಕೆ ಹೋಗಿದ್ದರು. ಬೀದಿಯ ಎರಡೂ ಬದಿಯಲ್ಲಿ ಹಿಕರಿಫೋರ್ಡಿನ ಬಿಳಿಯರು ಬಾಯಿ ತೆರೆದು ನಿಂತರು. ಎರಡು ವರ್ಷ ಈ ಯುದ್ಧದ ಬಗ್ಗೆ ಓದಿದ್ದರು, ವಾದ ಮಾಡಿದ್ದರು, ಮಕ್ಕಳನ್ನು ಹೂಳಿದ್ದರು. ಅದು ಯಾತಕ್ಕೆ ನಡೆಯುತ್ತಿದೆ ಎಂಬುದು ತಮ್ಮ ಬೀದಿಯಲ್ಲಿ ಗಾಡಿಯ ಮೇಲೆ ಕೂತಿದ್ದನ್ನು ಅವರು ನೋಡಿದ್ದು ಅಂದೇ ಮೊದಲು.

ಸವಾರರ ಗುಂಪು ಕುದುರೆ ಹುಡುಕಿಕೊಂಡು ಮುಂದೆ ಹೋಯಿತು. ಗಾಡಿಗಳ ಕಾವಲಿಗೆ ಉಳಿದದ್ದು ಕೆಲವೇ ಸಿಪಾಯಿಗಳು, ಅವರ ಮೇಲೆ ದಂಡಿನ ಪಾದ್ರಿ ಒಬ್ಬ. ಪಾದ್ರಿ ಹೋಟೆಲಿನ ಜಗಲಿಯಲ್ಲಿ ಊಟ ಹಾಕಿಸಲು ಹೇಳಿದ. ಸಲೋಮಿ ಒಳಗೆ ಹೋಗಿ ಡಾರ್ಕಸ್ ಬೇಯಿಸಿಟ್ಟಿದ್ದ ಬ್ರೆಡ್ಡು, ಹಂದಿಮಾಂಸ ತಂದಳು. ಬರುವ ದಾರಿಯಲ್ಲಿ ಹೂಬರನ ಪಕ್ಕದಲ್ಲಿ ನಿಂತು ಹಲ್ಲು ಕಚ್ಚಿ ಅಂದಳು: "ನೀನು ಹಾಕ್ಕೊಂಡಿರೋ ಅಂಗಿ ಮೊನ್ನೆ ಒಗೆದಿದ್ದು ಯಾರಯ್ಯಾ? ಇನ್ನೂ ಎಷ್ಟೊತ್ತು ಕಂಬದ ಥರ ನಿಂತಿರ್ತೀಯ?"

ಸಿಪಾಯಿಗಳು ಬಂದೂಕುಗಳನ್ನು ಜಗಲಿಯ ಗೋಡೆಗೆ ಒರಗಿಸಿದರು. ಪಾದ್ರಿ ಕೈಮುಗಿದು ಊಟದ ಪ್ರಾರ್ಥನೆ ಶುರು ಮಾಡಿದ. ಎಲ್ಲರೂ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಈ ಅನ್ನವನ್ನು ಕೊಟ್ಟ ಕೈಗಳನ್ನು ಆಶೀರ್ವದಿಸು ಎಂದು ಅವನು ದೇವರನ್ನು ಕೇಳುತ್ತಿದ್ದ. ಆ ಕೈಗಳು ಎದುರಿನ ಗಾಡಿಯಲ್ಲಿ ಹಗ್ಗದಲ್ಲಿದ್ದವು. ಆಮೆನ್ ಎಂದು ಕಣ್ಣು ಬಿಟ್ಟಾಗ ಬಂದೂಕುಗಳು ಹೂಬರನ, ಕಮ್ಮಾರನ, ಗಿರಣಿಯವನ ಕೈಯಲ್ಲಿದ್ದವು.

ಒಂದು ಗುಂಡೂ ಹಾರಲಿಲ್ಲ. ಆದರೆ ಒಬ್ಬ ಸಿಪಾಯಿ ಜಗಲಿಯಿಂದ ಹಾರಿ ಕುದುರೆ ಹತ್ತಿ ತಪ್ಪಿಸಿಕೊಂಡ. ಉಳಿದವರನ್ನು ಗಿರಣಿಯಲ್ಲಿ ಕೂಡಿಹಾಕಿದರು. ಹಗ್ಗಗಳನ್ನು ಕೊಯ್ದರು. ಮೇಲಿನ ಊರುಗಳ ಹೆಂಗಸರು ಧನ್ಯವಾದ ಹೇಳಲೂ ನಿಲ್ಲದೆ ಮಕ್ಕಳನ್ನು ಎತ್ತಿಕೊಂಡು ಬೆಟ್ಟದ ಕಡೆ ಓಡಿದರು. ಡಾರ್ಕಸ್‌ಗೆ ಓಡಲಾಗಲಿಲ್ಲ. ಗಾಡಿಯಿಂದ ಇಳಿಯುವ ನೂಕಾಟದಲ್ಲಿ ಟಿಲ್ಡಾಳ ಪಾದ ಚಕ್ರಕ್ಕೆ ಸಿಕ್ಕಿ ಸೀಳಿಹೋಗಿತ್ತು. ಸಲೋಮಿ ಅವರಿಬ್ಬರನ್ನೂ ಹೋಟೆಲಿನ ಮುಂದಿನ ಕಲ್ಲುಕೋಣೆಯಲ್ಲಿ ಅಡಗಿಸಿದಳು. ಒರತೆಯ ಮೇಲೆ ಕಟ್ಟಿದ, ಹಾಲು ಬೆಣ್ಣೆ ತಣ್ಣಗಿಡುವ ಕೋಣೆ ಅದು.

ಮರುದಿನ ಬೆಳಿಗ್ಗೆ ಒಬ್ಬ ಅಧಿಕಾರಿ ಸವಾರರೊಡನೆ ಬಂದು ಸಿಪಾಯಿಗಳನ್ನು ಬಿಡಿಸಿಕೊಂಡ. ಕುದುರೆಯಿಂದ ಇಳಿಯದೆಯೇ ಹೇಳಿದ: "ಮಧ್ಯಾಹ್ನ ನಾಲ್ಕಕ್ಕೆ ವಾಪಸ್ ಬರ್ತೀವಿ. ನೀವು ಗಾಡಿಯಿಂದ ಬಿಡಿಸಿದ ನಮ್ಮ ಆಳುಗಳು ಇಲ್ಲಿರಬೇಕು. ಎಷ್ಟು ಜನ ಸಿಕ್ತಾರೋ ಅಷ್ಟು. ಇಲ್ದಿದ್ರೆ ಊರಿಗೆ ಬೆಂಕಿ." ಅವರು ಅತ್ತ ಹೋದದ್ದೇ ತಡ, ಜನ ಮನೆಗಳಿಂದ ಕುರ್ಚಿ, ಪೆಟ್ಟಿಗೆ, ತೊಟ್ಟಿಲು ಹೊತ್ತು ಗೋಧಿ ಹೊಲದಲ್ಲಿ ಇಡತೊಡಗಿದರು. ಗಂಡಸರು ಹೋಟೆಲಿನ ಮುಂದೆ ಸೇರಿದರು. ಕಲ್ಲುಕೋಣೆಯ ಸಣ್ಣ ಕಿಂಡಿಯಿಂದ ಡಾರ್ಕಸ್‌ಗೆ ಎಲ್ಲ ಕೇಳುತ್ತಿತ್ತು.

"ಸುಮ್ನೆ ಹೆದರಿಸ್ತಾರೆ, ಸುಡಲ್ಲ."

"ನಿನ್ನ ಮನೆ ಕಲ್ಲಿಂದು, ನೀನು ಹೇಳ್ತೀಯಪ್ಪ. ನಂದು ಮರದ್ದು."

"ಯಾರೂ ಇಲ್ಲಿಲ್ಲ, ಎಲ್ಲಾ ಓಡಿಹೋದ್ರು ಅಂದ್ರೆ?"

"ನಂಬ್ತಾರಾ?"

ಡಾರ್ಕಸ್ ಟಿಲ್ಡಾಳ ಪಾದದ ಪಟ್ಟಿ ಬಿಗಿ ಮಾಡಿದಳು. ಇಲ್ಲೇ ಇರು, ಕೂಗಬೇಡ ಎಂದು ಹೇಳಿ ಹೊರಗೆ ಬಂದಳು.

"ನಾನು ಹೋಗ್ತೀನಿ," ಅಂದಳು. "ಊರು ಸುಡೋದು ಬೇಡ. ಮಗು ಇರೋದು ಅವ್ರಿಗೆ ಹೇಳ್ಬೇಡಿ. ಸೈಲಸ್ ಬರೋ ತನಕ ನೋಡ್ಕೊಳ್ಳಿ, ಅಷ್ಟೇ."

ಬೇಡ ಎಂದು ಒಟ್ಟಿಗೆ ಹತ್ತು ದನಿ ಏಳುತ್ತವೆ ಎಂದು ಅವಳು ಅಂದುಕೊಂಡಿದ್ದಳು. ನಿನ್ನೆ ಬಂದೂಕು ಕಸಿದುಕೊಂಡ ಗಂಡಸರು ಇವರೇ. ಆದರೆ ಕಮ್ಮಾರ ತನ್ನ ಬೂಟು ನೋಡಿಕೊಂಡ. ಗಿರಣಿಯವನು ಗಿರಣಿಯ ಕಡೆ ನೋಡಿದ. ಹೊಲದಲ್ಲಿ ಯಾರದೋ ಗೋಡೆ ಗಡಿಯಾರ, ಕುರ್ಚಿಯ ಮೇಲೆ ಇಟ್ಟಿದ್ದು, ಹೊಡೆಯಿತು. ಡಾರ್ಕಸ್ ಬಾಗಿಲಲ್ಲಿ ನಿಂತಿದ್ದ ಸಲೋಮಿಯ ಕಡೆ ತಿರುಗಿದಳು. ಸಲೋಮಿ ಅವಳನ್ನು ನೋಡುತ್ತಿರಲಿಲ್ಲ. ತಲೆ ಎತ್ತಿ ಹೋಟೆಲಿನ ಚಾವಣಿಯನ್ನು ನೋಡುತ್ತಿದ್ದಳು: ಅವಳ ಗಂಡ ಹೊದಿಸಿದ ಹಲಗೆಗಳು, ಆಡಮ್ ಮಲಗುತ್ತಿದ್ದ ಅಟ್ಟದ ಕಿಟಕಿ.

ಕೊನೆಗೆ ಹೂಬರ್ ಕೆಮ್ಮಿದ. "ಅವಳೇ ಬಂದು ಹೇಳ್ತಿದಾಳಲ್ಲ," ಅಂದ. "ನಾವೇನೂ ಬಲವಂತ ಮಾಡ್ಲಿಲ್ಲ."

ಆ ಮಾತು ಸಲೋಮಿಯನ್ನು ಅಲ್ಲಾಡಿಸಿತು. ಮೆಟ್ಟಿಲಿಳಿದು ಬಂದು ಡಾರ್ಕಸಳ ತೋಳು ಹಿಡಿದಳು. "ಯಾರೂ ಎಲ್ಲಿಗೂ ಹೋಗಲ್ಲ. ಸುಟ್ಟರೆ ಸುಡ್ಲಿ. ಒಳಗೆ ನಡಿಯೇ." ಒಬ್ಬಳು ಹೇಳಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ಹೌದು ಹೌದು, ಅದೆಲ್ಲಾದರೂ ಉಂಟೇ, ಎಂದರು.

ನಾಲ್ಕು ಹೊಡೆಯಿತು. ಯಾರೂ ಬರಲಿಲ್ಲ. ಅಧಿಕಾರಿಗೆ ಬೇರೆ ಕಡೆಗೆ ಹೋಗಲು ಅಪ್ಪಣೆ ಬಂದಿತ್ತೆಂದು ಆಮೇಲೆ ತಿಳಿಯಿತು. ಅವನ ಹಿಂದಿದ್ದ ದೊಡ್ಡ ಸೇನೆ ಎರಡು ವಾರ ಕಳೆದು ಬೆಟ್ಟದಾಚೆಯ ಗೆಟಿಸ್‌ಬರ್ಗ್‌ನಲ್ಲಿ ಮೂರು ದಿನ ಕಾದಾಡಿ, ಹೆಣಗಳ ಹೊಲವನ್ನೇ ಬಿಟ್ಟು ಹಿಂದಿರುಗುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಜನ ಪೆಟ್ಟಿಗೆ, ತೊಟ್ಟಿಲುಗಳನ್ನು ಮತ್ತೆ ಮನೆಗೆ ಹೊತ್ತರು. ಹೂಬರ್ ಹೋಟೆಲಿನ ಹಿಂಬಾಗಿಲಿಗೆ ಬಂದು, ಎಂದಿನಂತೆ, ಶನಿವಾರಕ್ಕೆ ಎರಡು ಅಂಗಿ ಇಸ್ತ್ರಿಯಾಗಬೇಕು ಎಂದು ಹೇಳಿ ಬಟ್ಟೆ ಇಟ್ಟು ಹೋದ.

ಸೈಲಸ್ ಮತ್ತು ಉಳಿದ ಗಂಡಸರು ಕುದುರೆಗಳೊಂದಿಗೆ ಇಳಿದು ಬಂದಾಗ ಊರೇ ಬೀದಿಗೆ ಬಂತು. ಒಂದು ಕುದುರೆಯೂ ಕಳೆದಿರಲಿಲ್ಲ. ರೈತರು ಸೈಲಸನ ಬೆನ್ನು ತಟ್ಟಿದರು. ಹೂಬರ್ ತನ್ನ ಮುದಿ ಕುದುರೆಯ ಮೂತಿಗೆ ಮುತ್ತಿಟ್ಟ. ನಗುತ್ತಾ ಅಡುಗೆಮನೆಗೆ ಬಂದ ಸೈಲಸ್ ಹೆಂಡತಿಯ ಮಣಿಕಟ್ಟು ನೋಡಿದ. ಅವಳು ಎಲ್ಲವನ್ನೂ ಹೇಳಿದಳು. ಅವನು ನಿಂತಲ್ಲೇ ಗೋಡೆ ಹಿಡಿದು ಕೂತ.

"ನಾನು ಕುದುರೆ ಕಾಯ್ತಾ ಕೂತಿದ್ದೆ," ಅಂದ. ಅದನ್ನೇ ಮತ್ತೆ ಅಂದ.

ಡಾರ್ಕಸ್ ಬಟ್ಟೆಯ ಗಂಟು ಕಟ್ಟುತ್ತಿದ್ದಳು. "ಹ್ಯಾರಿಸ್‌ಬರ್ಗ್‌ಗೆ ಹೋಗೋಣ. ಉತ್ತರದ ದೊಡ್ಡ ನದಿ ದಾಟಿ, ಆ ಕಡೆಗೆ. ಮಗೂನ ಎತ್ಕೋ."

"ಈಗಲೇ? ದಂಡು ಹೋಯ್ತಲ್ಲೇ. ಊರಿನವರು ನಿನ್ನ ಬಿಡಿಸಿದ್ರು. ಕೊಡು ಅಂದಾಗ್ಲೂ ಕೊಡ್ಲಿಲ್ಲ."

"ಕೊಡ್ಲಿಲ್ಲ. ಆದ್ರೆ ಯೋಚನೆ ಮಾಡಿದ್ರು, ಸೈಲಸ್. ನಾನು ಎದುರಿಗೇ ನಿಂತಿದ್ದೆ. ಒಬ್ಬೊಬ್ಬರೂ ಯೋಚನೆ ಮಾಡೋದನ್ನ ನೋಡಿದೆ."

ಸೈಲಸ್ ಎದ್ದ. ಮಗಳನ್ನು ಬೆನ್ನಿಗೆ ಹಾಕಿಕೊಂಡ. ಹೂಬರನ ಅಂಗಿಗಳು ಬುಟ್ಟಿಯಲ್ಲಿ ಇಟ್ಟಂತೆಯೇ ಇದ್ದವು.

ಸಲೋಮಿ ಹಿಂಬಾಗಿಲಿಗೆ ಓಡಿ ಬಂದಳು. ಅವಳ ಕಣ್ಣು ಕೆಂಪಗಿತ್ತು. "ಎಲ್ಲಿಗೆ ಹೋಗ್ತೀಯೇ? ಯಾರಿದಾರೆ ನಿನಗೆ ಅಲ್ಲಿ? ನೀನು ಇಲ್ಲೇ ಹುಟ್ಟಿದವಳು."

"ಹೌದು ಅಮ್ಮಾವ್ರೇ," ಅಂದಳು ಡಾರ್ಕಸ್, ಗಂಟನ್ನು ತಲೆಗೇರಿಸಿಕೊಳ್ಳುತ್ತಾ. "ಆ ಸಿಪಾಯಿಗೂ ಅದನ್ನೇ ಹೇಳಿದ್ದೆ."